ಸಬ್ಜೆಕ್ಟ್ (ಇಂಗ್ಲಿಷ್ ವ್ಯಾಕರಣ)

ಇಂಗ್ಲಿಷ್ ವಾಕ್ಯದ ಕ್ರಿಯಾಪದ ಯಾವ ಪದದ ವಚನ, ಪುರುಷಗಳಿಗೆ ಹೊಂದಿಕೊಳ್ಳುತ್ತದೋ ಆ ಪದ ಅಥವಾ ಪದಗುಚ್ಛವೇ ಸಬ್ಜೆಕ್ಟ್. ಕನ್ನಡದಲ್ಲಿ ಇದನ್ನು ಕರ್ತೃಪದ ಎನ್ನುವುದುಂಟು. ‘ಕೆಲಸ ಮಾಡಿದವರು ಯಾರು?’ ಎಂದು ಕೇಳಿ ಅದನ್ನು ಹುಡುಕುವುದು ತರಗತಿಯ ರೂಢಿ. ಸರಳ ವಾಕ್ಯಕ್ಕೆ ಅಷ್ಟು ಸಾಕು. ಮುಂದೆ ಹೋದಂತೆ ಆ ಪ್ರಶ್ನೆ ಕೈಕೊಡುತ್ತದೆ.

ಒಂದು ಉದಾಹರಣೆ: ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬ ಶಾಂತಿವರ್ಮನ ಕಾಲದ ಸ್ತಂಭಶಾಸನವಿದೆ. ಅದರ ಸಂಸ್ಕೃತ ಕಾವ್ಯವನ್ನು ರಚಿಸಿದವನು ಕುಬ್ಜ ಕವಿ. ‘ಕುಬ್ಜ ಕಂಪೋಸ್ಡ್ ದ ಪೊಯೆಮ್’ ಎಂದಾಗ ಕುಬ್ಜನೇ ಸಬ್ಜೆಕ್ಟ್. ‘ದ ಪೊಯೆಮ್ ವಾಸ್ ಕಂಪೋಸ್ಡ್ ಬೈ ಕುಬ್ಜ’ ಎಂದು ತಿರುಗಿಸಿದರೆ ರಚಿಸಿದವನು ಅವನೇ ಆದರೂ ಸಬ್ಜೆಕ್ಟಿನ ಪಟ್ಟ ‘ದ ಪೊಯೆಮ್’ಗೆ ಹೋಗುತ್ತದೆ. ಕ್ವೆಶ್ಚನ್ ಟ್ಯಾಗ್ ಹಚ್ಚಿ ನೋಡಿದರೆ ಅನುಮಾನ ಉಳಿಯದು: ‘ವಾಸಂಟ್ ಇಟ್?’ ಸರಿ, ‘ವಾಸಂಟ್ ಹಿ?’ ತಪ್ಪು.

ಸಂಸ್ಕೃತ ವೈಯಾಕರಣ ಪಾಣಿನಿಯ ಲೆಕ್ಕವೇ ಬೇರೆ. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಕರ್ಮಣಿ ಪ್ರಯೋಗದಲ್ಲಿ ಅವನಿಗೆ ತೃತೀಯಾ ವಿಭಕ್ತಿ ಹತ್ತುತ್ತದೆಯೇ ಹೊರತು ಕರ್ತೃತ್ವ ತಪ್ಪುವುದಿಲ್ಲ. ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು 1162ರ ಶಾಸನ ತಿಳಿಸುತ್ತದೆ. ಪಾಣಿನೀಯ ಓದಿದವರಿಗೆ ಎರಡೂ ವಾಕ್ಯಗಳಲ್ಲಿ ಕುಬ್ಜನೇ ಕರ್ತೃ.

ಕನ್ನಡ ಮಾತಿನ ಅಭ್ಯಾಸವೂ ತೊಡಕಾಗುತ್ತದೆ. ‘ಬಸ್ಸು ಸೊರಬಕ್ಕೆ ಬಂತು’, ‘ಸೊರಬಕ್ಕೆ ಬಸ್ಸು ಬಂತು’ ಎರಡೂ ಸರಿ. ವಿಭಕ್ತಿ ಪ್ರತ್ಯಯವೇ ಗುರುತು ಹೇಳುತ್ತದೆ. ಇಂಗ್ಲಿಷ್ ನಾಮಪದಕ್ಕೆ ಅಂಥ ಪ್ರತ್ಯಯವಿಲ್ಲದ್ದರಿಂದ ಕ್ರಿಯಾಪದದ ಹಿಂದಿನ ಜಾಗವೇ ಸಾಮಾನ್ಯ ಗುರುತು. ಅಪವಾದಗಳೂ ಇವೆ. ‘ಥ್ರೂ ಸೊರಬ ಫ್ಲೋಸ್ ದ ದಂಡಾವತಿ’ ಎಂಬಲ್ಲಿ ಸಬ್ಜೆಕ್ಟ್ ಆದ ನದಿ ಕೊನೆಗೆ ಬಂದಿದೆ.

‘ನನಗೆ ಹಸಿವಾಗಿದೆ’ ಎಂಬಲ್ಲಿ ಕ್ರಿಯಾಪದ ಹೊಂದುವುದು ಹಸಿವಿಗೆ. ‘ಐ ಆಮ್ ಹಂಗ್ರಿ’ಯಲ್ಲಿ ‘ಐ’ಗೆ.

ಉದ್ದ ಪದಗುಚ್ಛದಲ್ಲಿ ಮುಖ್ಯಪದವನ್ನು ಹಿಡಿಯಬೇಕು. ‘ಒನ್ ಆಫ್ ದ ಟೆಂಪಲ್ಸ್ ಇನ್ ಬಳ್ಳಿಗಾವಿ ಈಸ್ ಫೇಮಸ್’ ಎಂಬಲ್ಲಿ ‘ಟೆಂಪಲ್ಸ್’ ಪಕ್ಕದಲ್ಲೇ ಇದ್ದರೂ ಕ್ರಿಯಾಪದ ಹೊಂದುವುದು ‘ಒನ್’ಗೆ. ‘ಇಟ್ ಈಸ್ ರೈನಿಂಗ್’ನಲ್ಲಿ ‘ಇಟ್’ ಏನೂ ಮಾಡುವುದಿಲ್ಲ, ಆದರೂ ಸಬ್ಜೆಕ್ಟ್ ಅದೇ. ‘ಕಮ್ ಹಿಯರ್’ ಎಂಬ ಆಜ್ಞೆಯಲ್ಲಿ ‘ಯೂ’ ಅಧ್ಯಾಹಾರ.

‘ದೇರ್ ಈಸ್ ಎ ಪಿಲ್ಲರ್ ಅಟ್ ತಾಳಗುಂದ’ ಎಂಬ ಮಾದರಿಯಲ್ಲಿ ವೈಯಾಕರಣರಿಗೇ ಒಮ್ಮತವಿಲ್ಲ. ಸಾಂಪ್ರದಾಯಿಕ ಶಾಲಾ ವ್ಯಾಕರಣಕ್ಕೆ ‘ಎ ಪಿಲ್ಲರ್’ ಸಬ್ಜೆಕ್ಟ್. ಕ್ರಿಯಾಪದದ ವಚನ ಅದನ್ನೇ ಅನುಸರಿಸುತ್ತದೆ. ಹಡಲ್‌ಸ್ಟನ್ ಮತ್ತು ಪುಲಮ್ ಅವರ 2002ರ ಕೇಂಬ್ರಿಡ್ಜ್ ವ್ಯಾಕರಣದ ಪ್ರಕಾರ ‘ದೇರ್’ ಸಬ್ಜೆಕ್ಟ್. ಕ್ವೆಶ್ಚನ್ ಟ್ಯಾಗ್ ‘ಇಸಂಟ್ ದೇರ್?’ ಎಂದಾಗುವುದು ಈ ಪಕ್ಷಕ್ಕೆ ಬಲ.