ಬೋರ್ಡ್ ಹೈಸ್ಕೂಲಿನ ‘ಬೋರ್ಡ್’ ಯಾವುದು?

ಉಡುಪಿಯಲ್ಲಿ ‘ಬೋರ್ಡ್ ಹೈಸ್ಕೂಲು’ ಅಂದ್ರೆ ಯಾರಿಗೂ ದಾರಿ ಹೇಳಿಕೊಡಬೇಕಾಗಿಲ್ಲ. ಗೇಟಿನ ಮೇಲೆ ಈಗ ಸರಕಾರಿ ಪದವಿಪೂರ್ವ ಕಾಲೇಜು ಅಂತ ಏನೇ ಬರೆದಿರಲಿ, ಹಳಬರ ಬಾಯಲ್ಲಿ ಅದು ಬೋರ್ಡ್ ಹೈಸ್ಕೂಲೇ. ಅದ್ಯಾವ ಬೋರ್ಡು ಅಂತ ಕೇಳಿದ್ರೆ ಮಾತ್ರ ನನ್ನ ವಯಸ್ಸಿನವರು ಹೆಚ್ಚಿನವರು ‘ಎಸ್ಸೆಸ್ಸೆಲ್ಸಿ ಬೋರ್ಡ್ ಇರ್ಬೇಕು’ ಅಂತಾರೆ. ಅಲ್ಲ ಮಾರಾಯ್ರೇ! ಆ ಬೋರ್ಡು ಬೇರೆ. ಅದರ ಬೆನ್ನು ಹಿಡಿದು ಹೋದ್ರೆ ನಮ್ಮ ಜಿಲ್ಲೆಯ ಶಾಲೆಗಳ ಇಡೀ ಕಥೆಯೇ ಬಿಚ್ಚಿಕೊಳ್ಳುತ್ತೆ. ಶಾಲೆಯನ್ನು ಯಾರು ಕಟ್ಟಿದ್ರು ಅನ್ನೋದಕ್ಕಿಂತ, ಮಾಸ್ಟ್ರ ಸಂಬಳ ಯಾರು ಕೊಟ್ರು ಅನ್ನೋದು ಈ ಕಥೆಯ ಎಳೆ.

ಮೊದಲು ಇದ್ದದ್ದು ಐಗಳ ಮಠ. ಯಾರದೋ ಮನೆಯ ಜಗಲಿ, ಇಲ್ಲಾ ದೇವಸ್ಥಾನದ ಪೌಳಿ. ನೆಲದ ಮೇಲೆ ಮರಳು ಹರಡಿ ಬೆರಳಿನಲ್ಲಿ ಅಕ್ಷರ ತಿದ್ದೋದು, ಮಗ್ಗಿ ಬಾಯಿಪಾಠ, ಲೆಕ್ಕ. ಐಗಳಿಗೆ ಊರವರು ಅಕ್ಕಿ, ತೆಂಗಿನಕಾಯಿ, ಒಂದಿಷ್ಟು ಕಾಸು ಕೊಡ್ತಿದ್ರು. ಕೊಡುವ ಮನೆಯ ಮಕ್ಕಳಿಗೆ ಮಾತ್ರ ಪಾಠ. ಹಾಗಾಗಿ ಬಹಳ ಜನ ಹೊರಗೇ ಉಳಿದರು.

1834ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದರು. 1836ರಲ್ಲಿ ಅಲ್ಲಿ ಕನ್ನಡ ಶಾಲೆ ಶುರುವಾಯ್ತು, 1841ರಲ್ಲಿ ಅಚ್ಚುಕೂಟ. ಮುಂದೆ ಉಡುಪಿಗೂ ಬಂದರು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು ಆ ಪರಂಪರೆಯದ್ದೇ. ಅವರ ಉದ್ದೇಶ ಧರ್ಮಪ್ರಚಾರ ಅನ್ನೋದರಲ್ಲಿ ಗುಟ್ಟೇನಿಲ್ಲ. ಆದ್ರೆ ಅಚ್ಚಾದ ಪುಸ್ತಕ, ತರಗತಿಗಳ ವಿಂಗಡಣೆ, ಹೆಣ್ಣುಮಕ್ಕಳಿಗೂ ಶಾಲೆ, ಇವೆಲ್ಲ ನಮ್ಮ ಕಡೆ ಊರಿದ್ದು ಮುಖ್ಯವಾಗಿ ಅವರಿಂದ.

ಇಲ್ಲಿ ಒಂದು ಸ್ವಾರಸ್ಯ ಇದೆ ನೋಡಿ. ಜನರ ಮನೆಮಾತು ತುಳು ಅಂತ ಮಿಶನ್‌ನವರಿಗೆ ಚೆನ್ನಾಗಿ ಗೊತ್ತಿತ್ತು. 1847ರ ಹೊತ್ತಿಗೇ ತುಳುವಿನಲ್ಲಿ ಹೊಸ ಒಡಂಬಡಿಕೆ ತಂದರು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು ಬಂತು. ಆದರೂ ಶಾಲೆಯ ಭಾಷೆ ಆಗಿದ್ದು ಕನ್ನಡ. ಕಚೇರಿ, ಕೋರ್ಟು, ವ್ಯವಹಾರ ಎಲ್ಲ ಕನ್ನಡದಲ್ಲೇ ಇತ್ತಲ್ಲ! ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಗುವಿಗೆ ಕನ್ನಡ ಅನ್ನೋದು ಶಾಲೆಗೆ ಹೋಗಿ ಕಲಿಯಬೇಕಾದ ಭಾಷೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. 1854ರ ವುಡ್ ವರದಿಯ ನಂತರ ಸರಕಾರ, ಖಾಸಗಿಯವರು ಶಾಲೆ ನಡೆಸಿದ್ರೆ ನಾವು ಸಹಾಯಧನ ಕೊಡ್ತೇವೆ ಅಂತ ಶುರು ಮಾಡಿತು. ನಮ್ಮದು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸಿನವರು ಇದಕ್ಕೊಂದು ಕಟ್ಟುನಿಟ್ಟಿನ ಲೆಕ್ಕ ಇಟ್ಟಿದ್ದರು. ಇನ್ಸ್‌ಪೆಕ್ಟರ್ ಬಂದು ಮಕ್ಕಳ ಪರೀಕ್ಷೆ ಮಾಡೋದು, ಎಷ್ಟು ಮಕ್ಕಳು ಪಾಸೋ ಅಷ್ಟು ಗ್ರ್ಯಾಂಟು. ನಮ್ಮ ಆಫೀಸಿನ ಅಪ್ರೈಸಲ್ ಇದರ ಮುಂದೆ ಏನೂ ಅಲ್ಲ ಬಿಡಿ :) ಇನ್ಸ್‌ಪೆಕ್ಟರ್ ಬರ್ತಾರೆ ಅಂದ್ರೆ ಊರಿಗೇ ಯಾಕೆ ಅಷ್ಟು ಭಯ ಅಂತ ಈಗ ಅರ್ಥ ಆಗುತ್ತೆ. ಆದ್ರೆ ಆ ಇಲಾಖೆಯೊಳಗೂ ಮಕ್ಕಳ ಮನಸ್ಸು ಬಲ್ಲವರು ಇದ್ದರು. ಪಂಜೆ ಮಂಗೇಶರಾಯರು (1874-1937) ಶಿಕ್ಷಕರೂ ಹೌದು, ಇನ್ಸ್‌ಪೆಕ್ಟರೂ ಹೌದು, ಮಕ್ಕಳಿಗಾಗಿ ಪಠ್ಯಪುಸ್ತಕ, ಕಥೆ, ಪದ್ಯ ಬರೆದವರೂ ಹೌದು. ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ (1870-1901) ಬದುಕಿದ್ದು ಶಾಲೆಯ ವ್ಯಾಯಾಮ ಮಾಸ್ಟ್ರಾಗಿ. ತಾನೇ ಕವಿ ಅಂತ ಹೇಳಿಕೊಳ್ಳದೆ ಅಡಗಿಕೊಂಡು ಬರೆದ ಮನುಷ್ಯ ಅವರು.

ಬೋರ್ಡು ಬಂದದ್ದು ಇದೇ ಕಾಲದಲ್ಲಿ. 1871ರ ಕಾಯ್ದೆಯಿಂದ ಭೂಕಂದಾಯದ ಜೊತೆ ಒಂದು ಸೆಸ್ ಸೇರಿಸಿ, ಆ ದುಡ್ಡನ್ನು ರಸ್ತೆ, ಶಾಲೆ, ಆಸ್ಪತ್ರೆ ಅಂತ ಸ್ಥಳೀಯವಾಗಿಯೇ ಖರ್ಚು ಮಾಡುವ ವ್ಯವಸ್ಥೆ ಆಯ್ತು. 1884ರ ಮದ್ರಾಸ್ ಲೋಕಲ್ ಬೋರ್ಡ್ಸ್ ಕಾಯ್ದೆಯಿಂದ ಜಿಲ್ಲೆಗೊಂದು ಡಿಸ್ಟ್ರಿಕ್ಟ್ ಬೋರ್ಡು, ಅದರ ಕೆಳಗೆ ತಾಲೂಕು ಬೋರ್ಡುಗಳು ಬಂದವು. ಈ ಡಿಸ್ಟ್ರಿಕ್ಟ್ ಬೋರ್ಡು ನಡೆಸುತ್ತಿದ್ದ ಶಾಲೆಯೇ ಬೋರ್ಡ್ ಶಾಲೆ, ಬೋರ್ಡ್ ಹೈಸ್ಕೂಲು! 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಬೋರ್ಡುಗಳೂ ಹೋದವು, ಶಾಲೆಗಳು ಸರಕಾರದ ಪಾಲಾದವು. ಹೆಸರು ಮಾತ್ರ ಜನರ ನಾಲಗೆಯಲ್ಲಿ ಉಳೀತು. ಅಂದ್ರೆ ಗದ್ದೆ ಇದ್ದವರು ಕಂದಾಯದ ಜೊತೆ ಕಟ್ಟಿದ ಸೆಸ್ಸಿನ ನೆನಪು ಆ ‘ಬೋರ್ಡ್’ ಅನ್ನೋ ಎರಡಕ್ಷರದಲ್ಲಿ ಇದೆ.

ಶಾಲೆ ಬಂತು ಸರಿ, ಒಳಗೆ ಹೋದವರು ಯಾರು? ಕಾನೂನಿನಲ್ಲಿ ಎಲ್ಲರಿಗೂ ಬಾಗಿಲು ತೆರೆದಿತ್ತು. ಆದ್ರೆ ಶಾಲೆ ನಡೆಯೋದು ದೇವಸ್ಥಾನದ ಪೌಳಿಯಲ್ಲೋ ಮೇಲ್ಜಾತಿಯವರ ಚಾವಡಿಯಲ್ಲೋ ಆದ್ರೆ, ಅಂಗಳಕ್ಕೇ ಬರಬಾರದು ಅನ್ನಿಸಿಕೊಂಡ ಮಗು ಹೇಗೆ ಒಳಗೆ ಬಂದೀತು? ಕುದ್ಮುಲ್ ರಂಗರಾಯರು (1859-1928) 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿಯೇ ಶಾಲೆ ತೆರೆದರು, 1897ರಲ್ಲಿ ಅದಕ್ಕೊಂದು ಸಂಸ್ಥೆಯನ್ನೇ ಕಟ್ಟಿದರು. ಅದಕ್ಕಾಗಿ ತಮ್ಮ ಸಮಾಜದಿಂದ ಬಹಿಷ್ಕಾರವನ್ನೂ ಉಂಡರು. ‘ನಮ್ಮ ಜಿಲ್ಲೆ ಬುದ್ಧಿವಂತರ ಜಿಲ್ಲೆ’ ಅಂತ ಎದೆ ತಟ್ಟಿಕೊಳ್ಳುವಾಗ ಈ ಅಧ್ಯಾಯವನ್ನು ಹಾರಿಸಿಬಿಡ್ತೇವೆ, ಹಾರಿಸಬಾರದು.

ಇನ್ನು ಬಡವರ ಮಕ್ಕಳು. ನಾಲ್ಕನೆಯೋ ಐದನೆಯೋ ಮುಗಿಸಿ ಶಾಲೆ ಬಿಟ್ಟು ಬೊಂಬಾಯಿಗೆ ಹೋದವರ ಲೆಕ್ಕ ಇಟ್ಟವರಿಲ್ಲ. ಕಾಪು, ಉಡುಪಿ, ಕಾರ್ಕಳ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬ ಅಜ್ಜ ಇದ್ದಾರೆ. ಹಗಲು ಉಡುಪಿ ಹೋಟೆಲಿನಲ್ಲಿ ಕ್ಲೀನರು, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ವಿದ್ಯಾರ್ಥಿ! ಮೊಗವೀರರು, ಬಿಲ್ಲವರು ಮತ್ತಿತರ ಸಮುದಾಯದ ಸಂಘಗಳು ಮುಂಬಯಿಯಲ್ಲಿ ಈ ರಾತ್ರಿಶಾಲೆಗಳನ್ನು ನಡೆಸಿದವು. ಅಲ್ಲಿ ಓದಿ ಬ್ಯಾಂಕು, ವಕೀಲಿಕೆ, ಸ್ವಂತ ಹೋಟೆಲು ಅಂತ ಮೇಲೆ ಬಂದವರು, ಊರಿನ ಶಾಲೆಗೆ ಕೋಣೆ ಕಟ್ಟಿಸಿಕೊಟ್ಟರು. ನಮ್ಮ ಹಳೆ ಶಾಲೆಗಳ ಗೋಡೆಯಲ್ಲಿರುವ ‘ದಾನಿಗಳು’ ಅನ್ನೋ ಕಲ್ಲುಗಳನ್ನು ಒಮ್ಮೆ ಓದಿ ನೋಡಿ. ಹೆಸರಿನ ಕೆಳಗೆ ‘ಮುಂಬಯಿ’ ಅಂತ ಎಷ್ಟು ಸಲ ಬರುತ್ತೆ ಅಂತ.

ಮಣಿಪಾಲದ ಕಥೆ ಹೆಚ್ಚಿನವರಿಗೆ ಗೊತ್ತು. ಮಣ್ಣುಪಳ್ಳದ ಪಕ್ಕದ ಬೋಳು ಗುಡ್ಡೆ ಅದು. ಡಾ. ಟಿ.ಎಂ.ಎ. ಪೈಯವರು (1898-1979) 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಶುರು ಮಾಡಿದರು. 1949ರಲ್ಲಿ ಉಡುಪಿಯ ಎಂಜಿಎಂ ಕಾಲೇಜು, 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1960ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು. ಅದಕ್ಕೂ ಮೊದಲು, 1928ರಲ್ಲಿ ಅವರ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಶುರು ಮಾಡಿತ್ತು. (ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯ್ತು.) ಮೆಡಿಕಲ್ ಕಾಲೇಜಿನಲ್ಲಿ ಮಾತ್ರ ಲೆಕ್ಕ ಬದಲಾಯ್ತು. ಸರಕಾರವೂ ಅಲ್ಲ, ಊರೂ ಅಲ್ಲ, ಓದುವವನ ಅಪ್ಪನೇ ಖರ್ಚು ಹೊರೋದು. ಮುಂದೆ ದೇಶವೇ ಹಿಡಿದ ದಾರಿ ಅದು. 2002ರಲ್ಲಿ ಖಾಸಗಿ ಕಾಲೇಜುಗಳ ಸ್ವಾತಂತ್ರ್ಯದ ಬಗ್ಗೆ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪಿನ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ. ಅದು ಅಪ್ಪಟ ಉಡುಪಿಯ ಹೆಸರು.

ಫಲಿತಾಂಶ ನೋಡಿದ್ರೆ ಹೆಮ್ಮೆ ಪಡಬೇಕು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಸಾಕ್ಷರತೆ ಶೇ. 86.24, ರಾಜ್ಯದ್ದು ಶೇ. 75ರ ಆಸುಪಾಸು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೇ ಮೊದಲು. ಆದ್ರೆ ಈ ಅಂಕಿಗಳಿಗೆ ಅಡಿಪಾಯ ಹಾಕಿದ ಹಂಚಿನ ಮಾಡಿನ ಕನ್ನಡ ಶಾಲೆಗಳು ಖಾಲಿಯಾಗ್ತಾ ಇವೆ. ಮನೆ ಬಾಗಿಲಿಗೇ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ಬರುತ್ತೆ. ಅನುದಾನಿತ ಶಾಲೆಯಲ್ಲಿ ಮಾಸ್ಟ್ರು ನಿವೃತ್ತರಾದ್ರೆ ಆ ಹುದ್ದೆ ಸುಲಭಕ್ಕೆ ತುಂಬೋದಿಲ್ಲ. ಮಾಸ್ಟ್ರಿಲ್ಲ ಅಂತ ಮಕ್ಕಳಿಲ್ಲ, ಮಕ್ಕಳಿಲ್ಲ ಅಂತ ಮಾಸ್ಟ್ರಿಲ್ಲ!

ಇದಕ್ಕೆ ಅಪ್ಪ ಅಮ್ಮಂದಿರನ್ನು ಬೈಯೋದು ಸುಲಭ. ನಾನು ಬೈಯಲಾರೆ. ತುಳು ಮನೆಯ ಅಜ್ಜ ಅಂದು ಮಗನಿಗೆ ಕನ್ನಡ ಕಲಿಸಿದ್ದು ಕಚೇರಿ ಕೆಲಸ ಸಿಗಲಿ ಅಂತ. ಇವತ್ತು ಮೊಮ್ಮಗಳನ್ನು ಇಂಗ್ಲಿಷಿಗೆ ಸೇರಿಸುವುದೂ ಅದೇ ಲೆಕ್ಕದಲ್ಲಿ. ಕಲಿಕೆಯ ಮಾಧ್ಯಮದ ಆಯ್ಕೆ ಪೋಷಕರದ್ದು ಅಂತ 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿಬಿಟ್ಟಿದೆ. 2019ರಿಂದ ಸರಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಆರಂಭಿಸಿತು. ನನಗೆ ಕಾಡೋದು ಬೇರೆ. ಹಳೆ ಶಾಲೆಗೆ ಊರಿನ ಎಲ್ಲರೂ ಏನಾದ್ರೂ ಕೊಟ್ಟಿದ್ದರು, ಹಾಗಾಗಿ ಒಂದೇ ಬೆಂಚಿನಲ್ಲಿ ಧನಿಗಳ ಮಗ, ಒಕ್ಕಲಿನವರ ಮಗ ಇಬ್ಬರೂ ಕೂರುವ ದಿನ ನಿಧಾನಕ್ಕಾದ್ರೂ ಬಂತು. ಶುಲ್ಕಕ್ಕೆ ತಕ್ಕ ಶಾಲೆ ಅಂತಾದ ಮೇಲೆ ಆ ಬೆಂಚು ಮತ್ತೆ ಒಡೆದುಹೋಗ್ತಿದೆ.

ಈಗ ಕೆಲವು ಊರುಗಳಲ್ಲಿ ಹಳೆ ವಿದ್ಯಾರ್ಥಿ ಸಂಘದವರು ತಿಂಗಳಿಗಿಷ್ಟು ಅಂತ ಒಟ್ಟುಮಾಡಿ ‘ಗೌರವ ಶಿಕ್ಷಕಿ’ಯನ್ನು ನೇಮಿಸಿ, ಮಕ್ಕಳನ್ನು ಕರೆತರಲು ವ್ಯಾನು ಇಟ್ಟು ಶಾಲೆ ಉಳಿಸಿಕೊಳ್ತಿದ್ದಾರೆ. ಐಗಳಿಗೆ ಅಕ್ಕಿ ಕೊಟ್ಟ ಹಾಗೇ ಇದು, ಆದ್ರೆ ಒಂದು ವ್ಯತ್ಯಾಸ: ಈ ಸಲ ಕೊಡುವವರು ಬೇರೆಯವರ ಮಕ್ಕಳಿಗೂ ಸೇರಿಸಿ ಕೊಡ್ತಿದ್ದಾರೆ.

ಬೆಂಗಳೂರಿನಲ್ಲೋ ದುಬೈನಲ್ಲೋ ಕೂತ ನಮ್ಮಂಥವರಿಗೆ ಒಂದು ಸಣ್ಣ ಕೆಲಸ. ಮುಂದಿನ ಸಲ ಊರಿಗೆ ಹೋದಾಗ ನೀವು ಕಲಿತ ಶಾಲೆಗೆ ಹೋಗಿ, ಹೆಡ್ ಮಾಸ್ಟ್ರ ಒಪ್ಪಿಗೆ ಪಡೆದು ಹಳೆಯ ದಾಖಲಾತಿ ಪುಸ್ತಕ, ಇನ್ಸ್‌ಪೆಕ್ಟರ್ ಷರಾ ಬರೆದ ಪುಸ್ತಕಗಳ ಫೋಟೋ ತೆಗೆದಿಡಿ. (ಮಕ್ಕಳ ವಿವರ ಇರುವ ಪುಟ ಎಲ್ಲೂ ಹಾಕೋದು ಬೇಡ, ಶಾಲೆಗೇ ಒಂದು ಪ್ರತಿ ಕೊಡಿ.) ಯಾವ ವರ್ಷ ಮೊದಲ ಹುಡುಗಿ ಸೇರಿದಳು, ಯಾವ ವರ್ಷ ದಲಿತ ಮನೆಯ ಮೊದಲ ಮಗು ಬಂತು, ಐದನೇ ಕ್ಲಾಸಿಗೇ ಬಿಟ್ಟು ಹೋದವರೆಷ್ಟು, ಎಲ್ಲ ಅದರಲ್ಲಿದೆ. ಶಾಲೆಗೆ ಬೀಗ ಬಿದ್ದ ಮೇಲೆ ಗೆದ್ದಲಿಗೆ ಒಂದು ಮಳೆಗಾಲ ಸಾಕು.