ಮೈಬಣ್ಣ ಮತ್ತು ದಂತದ ಬಿಳುಪು: ಜಾನ್ ಸ್ಮಾರ್ಟನ ಮದರಾಸು ಚಿಕಣಿಗಳ ಮರುವಿಚಾರ

ವೆನಿಸಿನ ರೊಸಾಲ್ಬಾ ಕ್ಯಾರಿಯೆರಾ 18ನೆಯ ಶತಮಾನದ ಆರಂಭದಲ್ಲಿ ಚಿಕಣಿ ಭಾವಚಿತ್ರಕ್ಕೆ ಚರ್ಮಪತ್ರದ ಬದಲು ಆನೆದಂತದ ತೆಳುಹಲಗೆಯನ್ನು ಬಳಕೆಗೆ ತಂದಳು. 1707ರ ಸುಮಾರಿಗೆ ಬರ್ನಾರ್ಡ್ ಲೆನ್ಸ್ ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿದ. ಉತ್ತರಾರ್ಧದಲ್ಲಿ ರಿಚರ್ಡ್ ಕಾಸ್ವೇ ದಂತದ ಹೊಳಪನ್ನೇ ಚಿತ್ರದ ಜೀವಾಳವಾಗಿಸಿದ. ಇಷ್ಟರ ಬಗ್ಗೆ ತಕರಾರಿಲ್ಲ. ಆದರೆ ಬಣ್ಣ ತೆಳುವಾದಷ್ಟೂ, ದಂತ ಬರಿದಾಗಿ ಉಳಿದಷ್ಟೂ ಮಾಧ್ಯಮಕ್ಕೆ ನಿಷ್ಠೆ ಹೆಚ್ಚೆಂಬ ಅಳತೆಗೋಲನ್ನು ಇದರಿಂದ ಹೊರಡಿಸುವುದು ಸರಿಯೆ? ಆ ಅಳತೆಯಲ್ಲಿ, ಒತ್ತೊತ್ತಾಗಿ ಕುಂಚವಾಡಿಸುತ್ತಿದ್ದ ಜಾನ್ ಸ್ಮಾರ್ಟ್ ಹಳೆಯ ಜಾಡಿನವನಾಗಿ ಕಾಣುತ್ತಾನೆ.

ಸ್ಮಾರ್ಟ್ 1785ರಿಂದ 1795ರವರೆಗೆ ಮದರಾಸಿನಲ್ಲಿದ್ದ. ಅಲ್ಲಿ ಬರೆದ ಚಿತ್ರಗಳಲ್ಲಿ ಹೆಸರಿನ ಮೊದಲಕ್ಷರ, ಇಸವಿಗಳ ಜೊತೆಗೆ ಇಂಡಿಯಾವನ್ನು ಸೂಚಿಸುವ ‘ಐ’ ಅಕ್ಷರವನ್ನೂ ಹಾಕುತ್ತಿದ್ದನಾದ್ದರಿಂದ ಆ ಗುಂಪನ್ನು ಬೇರ್ಪಡಿಸುವುದು ಸುಲಭ. ಅವನ ಮುಂದೆ ಕುಳಿತವರಲ್ಲಿ ಕಂಪನಿಯ ಜನರಲ್ಲದೆ, ಅರ್ಕಾಟಿನ ನವಾಬ ಮುಹಮ್ಮದ್ ಅಲಿ ವಾಲಾಜಾ ಮತ್ತು ಅವನ ಕುಟುಂಬದವರೂ ಇದ್ದರು. ನನ್ನ ಆಕ್ಷೇಪಕ್ಕೆ ಇವರೇ ಆಧಾರ. ಬರಿಯ ದಂತ ಹಣೆ, ಕೆನ್ನೆಗಳ ಕಾಂತಿಯಾಗಿ ಒದಗುವುದು ಬಿಳಿ ಚರ್ಮದವರ ಚಿತ್ರದಲ್ಲಿ. ಕಂದು ಮೈಬಣ್ಣವಾದರೆ ಮುಖದ ಭಾಗವನ್ನೆಲ್ಲ ಬಣ್ಣ ಆವರಿಸಲೇಬೇಕು. ಒಂದರ ಮೇಲೊಂದು ಕೂರಿಸಿದ ಸಣ್ಣ ಗೆರೆ, ಚುಕ್ಕಿಗಳ ತೆಳು ಪದರಗಳನ್ನು ಹಾಯ್ದು ದಂತದ ಬೆಳಕು ಹೊರಬರಬೇಕು. ಹೀಗೆ ನೋಡಿದಾಗ ಸ್ಮಾರ್ಟನ ಒತ್ತುಗೆಲಸವೂ ದಂತವನ್ನು ದುಡಿಸಿಕೊಂಡ ಇನ್ನೊಂದು ಬಗೆಯೇ ಆಗುತ್ತದೆ. ಮಾಧ್ಯಮದ ಗುಣವೆಂದು ನಾವು ಹೊಗಳುತ್ತ ಬಂದದ್ದರಲ್ಲಿ ಒಂದು ದೊಡ್ಡ ಪಾಲು, ಬಹುಶಃ, ಲಂಡನ್ನಿನ ಗಿರಾಕಿಗಳ ಮೈಬಣ್ಣಕ್ಕೆ ಸಲ್ಲತಕ್ಕದ್ದು.

ಈ ಮಾತನ್ನು ಅದರ ಮಿತಿ ಮೀರಿ ಎಳೆಯಬಾರದು. ಸ್ಮಾರ್ಟನ ಶೈಲಿ ಹಡಗು ಹತ್ತುವ ಮೊದಲೇ ಪಕ್ವವಾಗಿತ್ತು. ಮದರಾಸು ಅದನ್ನು ಪರೀಕ್ಷೆಗೊಡ್ಡಿತು ಎನ್ನುವಷ್ಟಕ್ಕೇ ನನ್ನ ವಾದ ನಿಲ್ಲುತ್ತದೆ. ತೆಳುವಾದ ಕಂದು ಬಣ್ಣವೂ ಬೆಳಕನ್ನು ಬಿಟ್ಟುಕೊಡಬಲ್ಲದು. ಕಾಸ್ವೇಯ ಹಾದಿ ಅಲ್ಲಿ ಅಸಾಧ್ಯವಾಗಿತ್ತೆಂದೂ ಹೇಳಲಾಗದು. ಇದಕ್ಕಿಂತ ತೊಡಕಿನದು ಇನ್ನೊಂದಿದೆ. ಕಾರ್ಮೈನಿನಂಥ ಕೆಂಪುಗಳು ಬೆಳಕಿಗೆ ಮಾಸುತ್ತವೆ. ಕಾಸ್ವೇಯ ಮುಖಗಳಲ್ಲಿ ಇಂದು ನಾವು ಮೆಚ್ಚುವ ತಿಳುಪಿನಲ್ಲಿ ಅವನ ಕೈಯದೆಷ್ಟು, ಬಿಸಿಲಿನದೆಷ್ಟು ಎಂಬುದು ಬರಿಗಣ್ಣಿಗೆ ತಿಳಿಯದು. ಚೌಕಟ್ಟಿನ ಅಂಚಿನಡಿ ಬೆಳಕು ಕಾಣದೆ ಉಳಿದ ಬಣ್ಣದ ಸಮೇತ ಇಬ್ಬರ ಚಿತ್ರಗಳನ್ನೂ ಸೂಕ್ಷ್ಮದರ್ಶಕದಡಿ ಹೋಲಿಸಬೇಕು. ಅಲ್ಲಿಯವರೆಗೆ ಮೇಲಿನ ವಾದದ ಕಾಸ್ವೇಯ ಭಾಗವನ್ನು ತಾತ್ಕಾಲಿಕವೆಂದೇ ಎಣಿಸತಕ್ಕದ್ದು.