ಟಾಡಾದಿಂದ ಯುಎಪಿಎವರೆಗೆ: ಭಯೋತ್ಪಾದನೆ ನಿಗ್ರಹಕ್ಕೆ ಅಂತರರಾಷ್ಟ್ರೀಯ ಕಾನೂನು ಎಳೆದ ಗೆರೆ ಎಲ್ಲಿದೆ?

ಭಯೋತ್ಪಾದನೆ ಮತ್ತು ಮಾನವ ಹಕ್ಕು ಅಂದ ಕೂಡಲೇ ನಮ್ಮ ಚರ್ಚೆ ಕಾಶ್ಮೀರಕ್ಕೋ ಗ್ವಾಂಟನಾಮೊ ಜೈಲಿಗೋ ಹೋಗಿಬಿಡುತ್ತದೆ. ಆದರೆ ಈ ವಿಷಯದ ದೊಡ್ಡ ಪಾಠವೊಂದು ನಮ್ಮದೇ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿದೆ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 20ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಸತ್ತವರಲ್ಲಿ ಪೊಲೀಸರೂ ಇದ್ದರು, ಅರಣ್ಯ ಸಿಬ್ಬಂದಿಯೂ ಇದ್ದರು. ಅದಕ್ಕೂ ಹಿಂದಿನ ವರ್ಷ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹತ್ಯೆಯಾಗಿತ್ತು. ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಕಾಡಿಗಿಳಿದವು. ಕೈಯಲ್ಲಿದ್ದದ್ದು ಟಾಡಾ ಕಾಯ್ದೆ.

ಆಮೇಲಿನದ್ದು ಗೊತ್ತಿರುವ ಕತೆ. ಕಾಡಂಚಿನ ಸುಮಾರು 120 ಮಂದಿ ಟಾಡಾ ಕೈದಿಗಳಾಗಿ ಮೈಸೂರು ಜೈಲು ಸೇರಿದರು. ಅವರಲ್ಲಿ ಹೆಂಗಸರೂ ಇದ್ದರು. ಹಲವರು ಏಳೆಂಟು ವರ್ಷ ಜಾಮೀನಿಲ್ಲದೆ ಕೊಳೆತರು. 2001ರಲ್ಲಿ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಹೊರಬಂದರು. ತಪ್ಪಿತಸ್ಥರೆಂದು ಸಾಬೀತಾದವರ ಸಂಖ್ಯೆ ಎರಡು ಕೈಬೆರಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಹಾಗಾದರೆ ಆ ನೂರು ಮಂದಿಯ ಏಳೆಂಟು ವರ್ಷಕ್ಕೆ ಯಾರು ಹೊಣೆ? ಅಂತರರಾಷ್ಟ್ರೀಯ ಕಾನೂನು ಕೇಳುವುದೂ ಇದೇ ಪ್ರಶ್ನೆಯನ್ನು.

ಭಯೋತ್ಪಾದನೆ ಅಂದರೇನು? ಒಪ್ಪಿತ ವ್ಯಾಖ್ಯಾನವೇ ಇಲ್ಲ

2001ರ ಸೆಪ್ಟೆಂಬರ್ 11ರ ದಾಳಿಯಾಗಿ ಮೂರು ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ 28ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯ ಅಂಗೀಕರಿಸಿತು. ಭಯೋತ್ಪಾದನೆಗೆ ಹಣ ಒದಗಿಸುವುದನ್ನು ಅಪರಾಧವೆಂದು ಸಾರಬೇಕು, ಭಯೋತ್ಪಾದಕರಿಗೆ ನೆಲೆ ಕೊಡಬಾರದು, ಶಿಕ್ಷೆ ಕಠಿಣವಾಗಿರಬೇಕು ಎಂದು ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿತು. ಆದರೆ 'ಭಯೋತ್ಪಾದನೆ' ಅಂದರೇನು ಅನ್ನೋದನ್ನು ಮಾತ್ರ ಹೇಳಲಿಲ್ಲ. ಎಲ್ಲ ದೇಶಗಳೂ ಒಪ್ಪಿದ ಸಮಗ್ರ ವ್ಯಾಖ್ಯಾನ ಇವತ್ತಿಗೂ ಇಲ್ಲ.

ಇದರ ಪರಿಣಾಮ ಏನು? ಪ್ರತಿ ಸರ್ಕಾರವೂ ತನಗೆ ಬೇಕಾದಂತೆ ವ್ಯಾಖ್ಯಾನ ಬರೆದುಕೊಂಡಿತು. ಬಾಂಬ್ ಇಟ್ಟವನೂ, ಬೀದಿಯಲ್ಲಿ ಘೋಷಣೆ ಕೂಗಿದವನೂ ಒಂದೇ ಬಲೆಗೆ ಬೀಳಬಹುದಾದಷ್ಟು ಅಗಲದ ವ್ಯಾಖ್ಯಾನಗಳು ಬಂದವು. ಭದ್ರತಾ ಮಂಡಳಿ ಇದನ್ನು ಸರಿಪಡಿಸಲು ಹೊರಟದ್ದು ತಡವಾಗಿ. 2003ರ 1456ನೇ ನಿರ್ಣಯ, ಭಯೋತ್ಪಾದನೆ ತಡೆಯುವ ಕ್ರಮಗಳು ಮಾನವ ಹಕ್ಕು, ನಿರಾಶ್ರಿತರ ರಕ್ಷಣೆ ಮತ್ತು ಯುದ್ಧಕಾಲದ ಮಾನವೀಯ ಕಾನೂನಿಗೆ ಬದ್ಧವಾಗಿರಬೇಕು ಎಂದಿತು. 2005ರಲ್ಲಿ ಇದರ ಮೇಲೆ ಕಣ್ಣಿಡಲು ವಿಶ್ವಸಂಸ್ಥೆ ವಿಶೇಷ ವರದಿಗಾರರ ಹುದ್ದೆ ಸೃಷ್ಟಿಸಿತು. 2006ರಲ್ಲಿ ಸಾಮಾನ್ಯ ಸಭೆ ಒಪ್ಪಿದ ಜಾಗತಿಕ ಕಾರ್ಯತಂತ್ರದ ನಾಲ್ಕು ಕಂಬಗಳಲ್ಲಿ ಒಂದು ಮಾನವ ಹಕ್ಕು ಮತ್ತು ಕಾನೂನಿನ ಆಳ್ವಿಕೆ.

ಬದಿಗಿಡಬಹುದಾದ ಹಕ್ಕು, ಬದಿಗಿಡಲಾಗದ ಹಕ್ಕು

ಮಾನವ ಹಕ್ಕು ಅಂದರೆ ಪೊಲೀಸರ ಕೈ ಕಟ್ಟಿಹಾಕುವುದು ಎಂಬ ಮಾತು ಆಗಾಗ ಕೇಳುತ್ತದೆ. ಕಾನೂನು ಅಷ್ಟು ಮುಗ್ಧವಾಗಿಲ್ಲ. ಇಲ್ಲಿ ಮುಖ್ಯ ದಾಖಲೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ. 1966ರಲ್ಲಿ ರೂಪುಗೊಂಡ ಇದಕ್ಕೆ ಭಾರತ 1979ರಲ್ಲಿ ಸೇರಿತು. ರಾಷ್ಟ್ರದ ಅಸ್ತಿತ್ವಕ್ಕೇ ಧಕ್ಕೆ ತರುವ ತುರ್ತು ಪರಿಸ್ಥಿತಿ ಬಂದರೆ ಕೆಲವು ಹಕ್ಕುಗಳನ್ನು ತಾತ್ಕಾಲಿಕವಾಗಿ ಬದಿಗಿಡಬಹುದು ಎಂದು ಇದರ 4ನೇ ವಿಧಿಯೇ ಹೇಳುತ್ತದೆ. ಷರತ್ತು ಇವು: ತುರ್ತು ಸ್ಥಿತಿಯನ್ನು ಅಧಿಕೃತವಾಗಿ ಘೋಷಿಸಬೇಕು, ಕ್ರಮ ಎಷ್ಟು ಬೇಕೋ ಅಷ್ಟೇ ಇರಬೇಕು, ಜನಾಂಗ, ಧರ್ಮ, ಭಾಷೆ ನೋಡಿ ತಾರತಮ್ಯ ಮಾಡಬಾರದು, ವಿಶ್ವಸಂಸ್ಥೆಗೆ ತಿಳಿಸಬೇಕು.

ಆದರೆ ಕೆಲವನ್ನು ಎಂಥ ಪರಿಸ್ಥಿತಿಯಲ್ಲೂ ಮುಟ್ಟುವಂತಿಲ್ಲ. ಮನಬಂದಂತೆ ಜೀವ ತೆಗೆಯುವಂತಿಲ್ಲ. ಚಿತ್ರಹಿಂಸೆ ಕೊಡುವಂತಿಲ್ಲ. ಕೃತ್ಯ ನಡೆದ ಮೇಲೆ ಕಾನೂನು ಮಾಡಿ ಅದರಡಿ ಶಿಕ್ಷಿಸುವಂತಿಲ್ಲ. ಅಂದರೆ 'ಬಾಂಬ್ ಎಲ್ಲಿಟ್ಟಿದ್ದೀಯ ಹೇಳು' ಎಂದು ಉಗುರು ಕೀಳಲು ಯಾವ ತುರ್ತೂ ನೆಪವಾಗದು.

ಒಡಂಬಡಿಕೆಯ 9ನೇ ವಿಧಿಯ ಪ್ರಕಾರ ವಿಚಾರಣೆಗೆ ಕಾಯುವವರನ್ನು ಜೈಲಿನಲ್ಲಿಡುವುದು ಸಾಮಾನ್ಯ ನಿಯಮ ಆಗಕೂಡದು. 14ನೇ ವಿಧಿಯ ಪ್ರಕಾರ ತಪ್ಪು ಸಾಬೀತಾಗುವವರೆಗೆ ಆರೋಪಿ ನಿರ್ದೋಷಿ, ಅನಗತ್ಯ ವಿಳಂಬ ಇಲ್ಲದ ವಿಚಾರಣೆ ಅವನ ಹಕ್ಕು, ಬಲವಂತದ ತಪ್ಪೊಪ್ಪಿಗೆ ಸಲ್ಲದು.

ಈ ಅಳತೆಗೋಲಲ್ಲಿ ಟಾಡಾ

1985ರಲ್ಲಿ ಬಂದ ಟಾಡಾ ಈ ಮೂರೂ ಕಡೆ ಎಡವಿತ್ತು. ಎಸ್‌ಪಿ ಅಥವಾ ಮೇಲಿನ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತಿತ್ತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಯಾಕಿಲ್ಲ ಅಂತ ಠಾಣೆಯ ಒಳಗೆ ಹೋಗಿಬಂದವರನ್ನು ಕೇಳಿದರೆ ಸಾಕು. ಹಾಗಿದ್ದರೂ 1994ರ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಟಾಡಾವನ್ನು ಎತ್ತಿಹಿಡಿಯಿತು, ಕೆಲವು ಎಚ್ಚರಿಕೆಗಳನ್ನು ಸೇರಿಸಿತು. ಮರುವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ನ್ಯಾಯಮೂರ್ತಿ ರಂಗನಾಥ ಮಿಶ್ರಾ, ಕಾಯ್ದೆಯನ್ನು ಮುಂದುವರಿಸಬೇಡಿ ಎಂದು ಸಂಸದರಿಗೆ ಪತ್ರ ಬರೆದರು. 1995ರ ಮೇ ತಿಂಗಳಲ್ಲಿ ಟಾಡಾ ಅವಧಿ ಮುಗಿಯಿತು. ಕಾಯ್ದೆ ಸತ್ತರೂ ಅದರಡಿ ಹೂಡಿದ ಕೇಸುಗಳು ಬದುಕಿದವು. ಮೈಸೂರಿನ ಕೈದಿಗಳು ಇಲ್ಲದ ಕಾಯ್ದೆಯ ಅಡಿಯಲ್ಲಿ ಇನ್ನೂ ಆರು ವರ್ಷ ಕಾದರು.

2000ದ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಅಪಹರಿಸಿದಾಗ ಈ ಕೈದಿಗಳ ಬಿಡುಗಡೆಯೂ ಅವನ ಬೇಡಿಕೆಗಳ ಪಟ್ಟಿಯಲ್ಲಿತ್ತು. ಅದುವರೆಗೆ ಜಾಮೀನಿಗೂ ಯೋಗ್ಯರಲ್ಲ ಎನ್ನಲಾಗಿದ್ದವರ ಮೇಲಿನ ಟಾಡಾ ಆರೋಪ ಕೈಬಿಡಲು ಸರ್ಕಾರ ದಿಢೀರನೆ ಸಿದ್ಧವಾಯಿತು! ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಹತ್ಯೆಯಾದ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. 2000ದ ನವೆಂಬರ್ 7ರಂದು ಕೋರ್ಟ್ ಅವರ ಪರ ನಿಂತು ಆರೋಪ ಹಿಂತೆಗೆತಕ್ಕೆ ತಡೆ ಹಾಕಿತು.

ಈ ಪ್ರಸಂಗದಲ್ಲಿ ಮಾನವ ಹಕ್ಕು ಯಾರದ್ದು? ಮಗನನ್ನು ಕಳೆದುಕೊಂಡ ತಂದೆಯದ್ದೂ ಹೌದು, ವಿಚಾರಣೆ ಮುಗಿಯದೆ ಕೂತ ಕೂಲಿಕಾರನದ್ದೂ ಹೌದು. ತಂದೆಗೆ ಬೇಕಿದ್ದದ್ದು ನಿಜವಾದ ಕೊಲೆಗಾರನಿಗೆ ಶಿಕ್ಷೆ. ಸಿಕ್ಕಸಿಕ್ಕವರನ್ನು ಒಳಗೆ ಹಾಕಿದ್ದರಿಂದ ಅದೇನೂ ಬೇಗ ಸಿಗಲಿಲ್ಲ. ವೀರಪ್ಪನ್ ಹತನಾದದ್ದು 2004ರ ಅಕ್ಟೋಬರ್‌ನಲ್ಲಿ, ಪಾಲಾರ್ ಸ್ಫೋಟವಾಗಿ ಹನ್ನೊಂದು ವರ್ಷದ ಮೇಲೆ.

ಪರಿಹಾರ ಸಿಕ್ಕಿತೇ?

ಕಾರ್ಯಪಡೆಗಳ ಮೇಲೆ ಚಿತ್ರಹಿಂಸೆ, ಅತ್ಯಾಚಾರ, ಅಕ್ರಮ ಬಂಧನದ ದೂರುಗಳು ಬಂದಾಗ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ನೇಮಿಸಿತು. ಅದರ ವರದಿ ಆಧರಿಸಿ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು.

ಇಲ್ಲೊಂದು ಸೂಕ್ಷ್ಮ ಇದೆ. ಅಕ್ರಮ ಬಂಧನಕ್ಕೊಳಗಾದವರಿಗೆ ಪರಿಹಾರದ ಹಕ್ಕಿದೆ ಎನ್ನುತ್ತದೆ ಒಡಂಬಡಿಕೆ. ಭಾರತ ಅದಕ್ಕೆ ಸೇರುವಾಗಲೇ, ನಮ್ಮ ಕಾನೂನಿನಲ್ಲಿ ಅಂಥ ಹಕ್ಕು ಇಲ್ಲ ಎಂದು ತಕರಾರು ದಾಖಲಿಸಿತ್ತು. 1983ರ ರುದುಲ್ ಸಾಹ್ ಪ್ರಕರಣದಿಂದ ಸುಪ್ರೀಂ ಕೋರ್ಟೇ ಪರಿಹಾರ ಕೊಡಿಸತೊಡಗಿತು. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಆ ತಕರಾರಿಗೆ ಅರ್ಥ ಉಳಿದಿಲ್ಲ ಎಂದಿತು. ಇನ್ನು ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದನೆ ಮಾತ್ರ ಕೊಟ್ಟಿಲ್ಲ. ಚಿತ್ರಹಿಂಸೆಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ.

ಯುಎಪಿಎ: ಏನು ಬದಲಾಯಿತು, ಏನು ಉಳಿಯಿತು

ಟಾಡಾ ಹೋಯಿತು, 2002ರಲ್ಲಿ ಪೋಟಾ ಬಂತು. 2004ರಲ್ಲಿ ಪೋಟಾ ರದ್ದಾಯಿತು, ಅದರ ಭಯೋತ್ಪಾದನೆ ಅಧ್ಯಾಯ 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯೊಳಗೆ, ಅಂದರೆ ಯುಎಪಿಎಗೆ, ಸೇರಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಯುಎಪಿಎಯಲ್ಲಿ ಸಾಕ್ಷ್ಯವಲ್ಲ, ಇದು ಒಳ್ಳೆಯದೇ. ಆದರೆ ಟಾಡಾಕ್ಕೆ ಗಡುವಿತ್ತು, ಯುಎಪಿಎ ಕಾಯಂ. ಮುಂಬೈ ದಾಳಿಯ ಬಳಿಕ 2008ರ ಡಿಸೆಂಬರ್‌ನಲ್ಲಿ ಸೇರಿದ 43ಡಿ(5) ಕಲಮಿನ ಪ್ರಕಾರ, ಆರೋಪ ಮೇಲ್ನೋಟಕ್ಕೆ ನಿಜ ಅನಿಸಿದರೆ ಜಾಮೀನು ಇಲ್ಲ. ದೋಷಾರೋಪ ಪಟ್ಟಿ ಸಲ್ಲಿಸಲು 180 ದಿನದವರೆಗೆ ಅವಕಾಶ. 2019ರ ತಿದ್ದುಪಡಿ ಬಂದ ಮೇಲೆ, ನ್ಯಾಯಾಲಯ ಶಿಕ್ಷೆ ಕೊಡದೆಯೂ ಒಬ್ಬ ವ್ಯಕ್ತಿಯನ್ನು 'ಭಯೋತ್ಪಾದಕ' ಎಂದು ಸರ್ಕಾರ ಪಟ್ಟಿಗೆ ಸೇರಿಸಬಹುದು.

2019ರ ವಟಾಲಿ ತೀರ್ಪು ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗಬೇಡಿ ಎಂದಿತು. 2021ರ ನಜೀಬ್ ತೀರ್ಪು, ವಿಚಾರಣೆ ಬೇಗ ಮುಗಿಯುವ ಲಕ್ಷಣ ಇಲ್ಲದಿದ್ದರೆ ಸಂವಿಧಾನದ 21ನೇ ವಿಧಿ ಮುಖ್ಯ, ಜಾಮೀನು ಕೊಡಬಹುದು ಎಂದಿತು. ಇವೆರಡರ ನಡುವೆ ಆರೋಪಿಯ ಭವಿಷ್ಯ ಯಾವ ಪೀಠದ ಮುಂದೆ ಕೇಸು ಬಂತು ಅನ್ನೋದರ ಮೇಲೆ ನಿಂತಿದೆ. 2024ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಭಾರತದ ವರದಿಯನ್ನು ಪರಿಶೀಲಿಸಿ, ಯುಎಪಿಎಯಂಥ ಕಾನೂನುಗಳ ಬಗ್ಗೆ ಕಳವಳ ದಾಖಲಿಸಿದೆ.

ಬೇರೆ ಕಡೆ ಏನಾಯಿತು?

ಬ್ರಿಟನ್ನಿನಲ್ಲಿ ವಿದೇಶಿ ಶಂಕಿತರನ್ನು ವಿಚಾರಣೆ ಇಲ್ಲದೆ ಬೆಲ್‌ಮಾರ್ಷ್ ಜೈಲಿನಲ್ಲಿಟ್ಟಿದ್ದು ಹಕ್ಕುಗಳ ಉಲ್ಲಂಘನೆ ಎಂದು 2004ರ ಡಿಸೆಂಬರ್‌ನಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಒಂಬತ್ತರಲ್ಲಿ ಎಂಟು ನ್ಯಾಯಾಧೀಶರದ್ದು ಒಂದೇ ಮಾತು. 2008ರಲ್ಲಿ ಯುರೋಪಿನ ನ್ಯಾಯಾಲಯ ಖಾದಿ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಭದ್ರತಾ ಮಂಡಳಿಯ ಪಟ್ಟಿಯಲ್ಲಿ ಹೆಸರಿದೆ ಎಂಬ ಕಾರಣಕ್ಕೆ, ಅಹವಾಲು ಕೇಳದೆ ಒಬ್ಬನ ಆಸ್ತಿ ಜಪ್ತಿ ಮಾಡುವಂತಿಲ್ಲ ಎಂದಿತು. ಈ ತೀರ್ಪುಗಳಿಂದ ಆ ದೇಶಗಳೇನೂ ಕುಸಿದು ಬೀಳಲಿಲ್ಲ. ಕಾನೂನು ತಿದ್ದಿಕೊಂಡು ಮುಂದೆ ಹೋದವು.

ಕೇಳಬೇಕಾದ ಪ್ರಶ್ನೆಗಳು

ಮುಂದಿನ ಸಲ ಹೊಸ ಭಯೋತ್ಪಾದನಾ ನಿಗ್ರಹ ಕಾನೂನೊಂದು ಬಂದಾಗ ಪರ-ವಿರೋಧದ ಗದ್ದಲಕ್ಕೆ ಇಳಿಯುವ ಮುನ್ನ ಇಷ್ಟನ್ನು ಕೇಳೋಣ. ವ್ಯಾಖ್ಯಾನ ಎಷ್ಟು ಬಿಗಿಯಾಗಿದೆ? ಬಂಧನಕ್ಕೆ ಮಿತಿ ಇದೆಯೇ? ಜಾಮೀನು ಕೇಳಿದಾಗ ನ್ಯಾಯಾಧೀಶರು ನಿಜಕ್ಕೂ ಪರಿಶೀಲಿಸಬಹುದೇ, ಅಥವಾ ಪೊಲೀಸರ ಕಾಗದಕ್ಕೆ ಮೊಹರು ಒತ್ತಬೇಕೇ? ಕಾಯ್ದೆಗೆ ಗಡುವು ಇದೆಯೇ? ತಪ್ಪಾಗಿ ಸಿಕ್ಕಿಬಿದ್ದವನಿಗೆ ಪರಿಹಾರ ಎಲ್ಲಿಂದ, ಎಷ್ಟು ದಿನದಲ್ಲಿ?

ಮೈಸೂರು ಜೈಲಿನಿಂದ 2001ರಲ್ಲಿ ಹೊರಬಂದವರನ್ನು ಹಿಡಿಯುವಾಗ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಮೊದಲೇ ಕೇಳಿದ್ದರೆ, ಕಾರ್ಯಪಡೆ ಹುಡುಕುತ್ತಿದ್ದವನ ಸುಳಿವು ಕೊಡಬಹುದಾಗಿದ್ದ ಅದೇ ಹಳ್ಳಿಯ ಜನ ಪೊಲೀಸ್ ಜೀಪು ಕಂಡರೆ ಕಾಡಿಗೆ ಓಡುವ ಪರಿಸ್ಥಿತಿ ಬರುತ್ತಿರಲಿಲ್ಲ.